563 ಹುಲಿ ಮತ್ತು ಒಂದು ಹಸುವಿನ ಕಳೇಬರ

2025ರ ಜೂನ್ 26ರಂದು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಐದು ಹುಲಿಗಳು ಸತ್ತು ಬಿದ್ದಿದ್ದವು. ಒಂದು ತಾಯಿ, ನಾಲ್ಕು ಮರಿ. ಸಾವಿಗೆ ಕಾರಣವಾಗಿದ್ದು ಒಂದು ಹಸುವಿನ ಕಳೇಬರ. ಹುಲಿಯೇ ಕೊಂದಿದ್ದ ಆ ಹಸುವಿಗೆ ಆಮೇಲೆ ಯಾರೋ ಕೀಟನಾಶಕ ಬೆರೆಸಿದ್ದರು.

ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದ ಜನ, ಹುಲಿ ಹಿಡಿಯಲು ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ನವೆಂಬರ್‌ ಹೊತ್ತಿಗೆ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ಸಾಲಾಗಿ ಜನ ಸತ್ತರು. ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು.

ಇದೇ ಕರ್ನಾಟಕದಲ್ಲಿ 563 ಹುಲಿಗಳಿವೆ, ದೇಶದಲ್ಲಿ ಮಧ್ಯಪ್ರದೇಶ ಬಿಟ್ಟರೆ ನಾವೇ ಎಂಬ ಸುದ್ದಿಯನ್ನೂ ನಾವು ಓದಿದ್ದೇವೆ. ಹಾಗಾದರೆ ಹುಲಿ ಉಳಿಯಿತೋ, ಅಳಿಯುತ್ತಿದೆಯೋ? ಗೊಂದಲ ಸಹಜ. ಎರಡೂ ಸುದ್ದಿ ನಿಜ. ಅಷ್ಟೇ ಅಲ್ಲ, ಸಾವು ಮತ್ತು ಸಂಘರ್ಷದ ಸುದ್ದಿ ಒಂದು ಮಟ್ಟಿಗೆ ಹುಲಿ ಹೆಚ್ಚಿದ ಸುದ್ದಿಯ ಹೊಟ್ಟೆಯಿಂದಲೇ ಬಂದದ್ದು. ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಾಜಿನ ಮೇಲೆ ಬರೆದ ಹೆಜ್ಜೆ

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಮರುವರ್ಷ ಏಪ್ರಿಲ್ 1ಕ್ಕೆ ಹುಲಿ ಯೋಜನೆ ಶುರುವಾಯಿತು. ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆಗ ದೇಶದಲ್ಲಿ ಇದ್ದವು ಎನ್ನಲಾದ ಹುಲಿಗಳು 1,827.

'ಎನ್ನಲಾದ' ಅಂದಿದ್ದಕ್ಕೆ ಕಾರಣವಿದೆ. ಆ ಕಾಲದಲ್ಲಿ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಗಾರ್ಡ್ ಒಬ್ಬ ಮಣ್ಣಿನ ಮೇಲಿನ ಹೆಜ್ಜೆಯ ಮೇಲೆ ಗಾಜು ಇಟ್ಟು ಗೆರೆ ಎಳೆಯುತ್ತಿದ್ದ, ಇಲ್ಲವೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಿದ್ದ. ಅದನ್ನು ನೋಡಿ ಇದು ಇಂಥ ಹುಲಿ, ಅದು ಬೇರೆ ಹುಲಿ ಎಂದು ತೀರ್ಮಾನ ಆಗುತ್ತಿತ್ತು. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಲ್ಲಿ ಒಂದು ಥರ ಬೀಳುತ್ತದೆ, ದೂಳಲ್ಲಿ ಇನ್ನೊಂದು ಥರ. ಹಾಗಾಗಿ ಒಂದು ಹುಲಿ ಕಡತದಲ್ಲಿ ಸುಲಭವಾಗಿ ಮೂರಾಗುತ್ತಿತ್ತು. ತನ್ನ ವಲಯದಲ್ಲಿ ಹುಲಿ ಕಡಿಮೆಯಾಗಿದೆ ಎಂದು ಬರೆದು ಮೇಲಧಿಕಾರಿಯ ಮುಂದೆ ನಿಲ್ಲಲು ಯಾರಿಗೆ ತಾನೇ ಇಷ್ಟ?

ಈ ಲೆಕ್ಕದ ಬಂಡವಾಳ ಬಯಲಾದದ್ದು ರಾಜಸ್ಥಾನದ ಸರಿಸ್ಕಾದಲ್ಲಿ. 2005ರ ಹೊತ್ತಿಗೆ ಅಲ್ಲಿ ಒಂದೇ ಒಂದು ಹುಲಿಯೂ ಉಳಿದಿಲ್ಲ ಎಂಬುದು ಖಚಿತವಾಯಿತು. ದೇಶವೇ ಬೆಚ್ಚಿತು. ಕಾರ್ಯಪಡೆ ರಚನೆಯಾಯಿತು, ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು, ಎಣಿಸುವ ವಿಧಾನ ಬದಲಾಯಿತು. ಹೊಸ ವಿಧಾನದ ಬೇರು ಕರ್ನಾಟಕದಲ್ಲೇ ಇತ್ತು. ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲೇ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರಿಗೆ ಹಾದುಹೋದರೆ ತಾನಾಗಿಯೇ ಫೋಟೊ ತೆಗೆಯುವ ಕ್ಯಾಮೆರಾ ಕಟ್ಟಿ ಹುಲಿ ಎಣಿಸುತ್ತಿದ್ದರು. ನಮ್ಮ ಬೆರಳಚ್ಚಿನ ಹಾಗೆ ಹುಲಿಯ ಪಟ್ಟೆ. ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಫೋಟೊ ಸಿಕ್ಕರೆ ವಾದಕ್ಕೆ ಜಾಗವಿಲ್ಲ.

2006ರಲ್ಲಿ ಹೊಸ ಲೆಕ್ಕ ಬಂದಾಗ ದೇಶದ ಹುಲಿ 1,411ಕ್ಕೆ ಇಳಿದಿತ್ತು. ಕಳ್ಳಬೇಟೆ ಆಗಿದ್ದು ನಿಜವೇ, ಆದರೆ ಕಡತದಲ್ಲಿ ಮಾತ್ರ ಬದುಕಿದ್ದ ಹುಲಿಗಳೂ ಆ ದಿನವೇ ಸತ್ತವು. ಅಲ್ಲಿಂದ ಮುಂದೆ 2010ರಲ್ಲಿ 1,706, 2014ರಲ್ಲಿ 2,226, 2018ರಲ್ಲಿ 2,967. 2022ರ ಅಂದಾಜು 3,682. ಕರ್ನಾಟಕದ್ದು 290ರಿಂದ ಶುರುವಾಗಿ 300, 406, 524, ಕೊನೆಗೆ 563. ಪ್ರತಿ ಸುತ್ತಿನಲ್ಲೂ ಹೆಚ್ಚು ಕಾಡಿಗೆ ಹೆಚ್ಚು ಕ್ಯಾಮೆರಾ ಹೋಗಿದೆ, ಆದ್ದರಿಂದ ಏರಿಕೆಯ ಒಂದಿಷ್ಟು ಭಾಗ ಹುಡುಕಾಟ ಜಾಸ್ತಿಯಾಗಿದ್ದರ ಫಲ. ಅದನ್ನು ಕಳೆದರೂ ಹುಲಿ ಹೆಚ್ಚಿದೆ ಎಂಬುದರಲ್ಲಿ ಅನುಮಾನವಿಲ್ಲ.

ಹುಲಿಗಿಂತ ಮೊದಲು ಜಿಂಕೆ

ಹುಲಿ ಹೆಚ್ಚಿದ್ದು ಹೇಗೆ? ಹುಲಿಗೆ ಯಾರೂ ಏನೂ ಮಾಡಲಿಲ್ಲ ಅನ್ನಬಹುದು. ಮಾಡಿದ್ದೆಲ್ಲ ಅದರ ಊಟಕ್ಕೆ.

ಒಂದು ಹುಲಿಗೆ ವಾರಕ್ಕೆ ಒಂದು ದೊಡ್ಡ ಪ್ರಾಣಿಯಾದರೂ ಬೇಕು. ಜಿಂಕೆ, ಕಡವೆ, ಕಾಟಿ, ಕಾಡುಹಂದಿ, ಯಾವುದಾದರೂ ಸರಿ. ವರ್ಷಕ್ಕೆ ಸುಮಾರು 50. ಇಷ್ಟು ತಿಂದರೂ ಹಿಂಡು ಕರಗಬಾರದು ಅಂದರೆ, ಒಂದು ಹುಲಿಯ ಹಿಂದೆ ಸುಮಾರು 500 ಪ್ರಾಣಿಗಳಿರಬೇಕು. ಆ 500 ಇರಬೇಕೆಂದರೆ ಹುಲ್ಲು ಬೇಕು, ನೀರು ಬೇಕು, ಉರುಳು ಮತ್ತು ನಾಡಕೋವಿ ಇರಬಾರದು. ಕಾಡಿನೊಳಗಿನ ಶಿಬಿರಗಳಲ್ಲಿ ಉಳಿದು ಗಸ್ತು ತಿರುಗುವ ವಾಚರ್‌ಗಳು ಕಾಯುವುದು ಈ ಜಿಂಕೆ, ಕಡವೆಗಳನ್ನು. ಹುಲಿ ತನ್ನಷ್ಟಕ್ಕೆ ತಾನು ಹಿಂಬಾಲಿಸುತ್ತದೆ.

ಚಿಕ್ಕಮಗಳೂರು ಭಾಗದ ಭದ್ರಾ ಹುಲಿ ಮೀಸಲು ಇದಕ್ಕೆ ಒಳ್ಳೆಯ ಉದಾಹರಣೆ. 2002ರ ಹೊತ್ತಿಗೆ ಅಲ್ಲಿನ ಕಾಡಿನೊಳಗಿನ ಊರುಗಳಿಂದ 400ಕ್ಕೂ ಹೆಚ್ಚು ಕುಟುಂಬಗಳು ನೀರಾವರಿ ಜಮೀನು ಪಡೆದು ಹೊರಗೆ ಬಂದವು. ಪುನರ್ವಸತಿ ತಕ್ಕಮಟ್ಟಿಗೆ ಚೆನ್ನಾಗಿ ಆಯಿತು ಎಂದು ದೇಶದಲ್ಲಿ ಹೇಳಿಕೊಳ್ಳಬಹುದಾದ ಕೆಲವೇ ಕಡೆಗಳಲ್ಲಿ ಅದೂ ಒಂದು. ನಾಗರಹೊಳೆಯ ಮಾತು ಹಾಗಲ್ಲ. ಅಲ್ಲಿಂದ ಹೊರಬಂದ ಜೇನುಕುರುಬರ ದೂರುಗಳು ಇವತ್ತಿಗೂ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಯ 52 ಕುಟುಂಬಗಳು, ಅರಣ್ಯ ಹಕ್ಕು ಕಾಯ್ದೆಯಡಿ ಇದು ನಮ್ಮ ಜಾಗ ಎನ್ನುತ್ತ ಮತ್ತೆ ಕಾಡಿಗೇ ಹೋಗಿ ಗುಡಿಸಲು ಹಾಕಿಕೊಂಡವು. ಹುಲಿ ಉಳಿಸಿದ ಲೆಕ್ಕದಲ್ಲಿ ಈ ಖರ್ಚನ್ನೂ ಬರೆಯಬೇಕು.

ತುಂಬಿದ ಮನೆ

ಬೇಟೆ ಚೆನ್ನಾಗಿರುವ ಕಾಡಿನಲ್ಲಿ ಒಂದು ಹೆಣ್ಣುಹುಲಿಗೆ 15ರಿಂದ 20 ಚದರ ಕಿಲೋಮೀಟರ್ ಸಾಕು. ಗಂಡಿಗೆ ಇನ್ನೂ ಹೆಚ್ಚು. ಎರಡು ಮೂರು ಹೆಣ್ಣುಗಳ ಜಾಗವನ್ನು ಸೇರಿಸಿ ಒಂದು ಗಂಡು ಕಾಯುತ್ತದೆ. ತಾಯಿ ಒಂದು ಸಲಕ್ಕೆ ಮೂರ್ನಾಲ್ಕು ಮರಿ ಹಾಕುತ್ತದೆ. ಸುಮಾರು ಎರಡು ವರ್ಷಕ್ಕೆ ಮರಿಗಳು ತಾಯಿಯನ್ನು ಬಿಟ್ಟು ಹೊರಡಬೇಕು.

ಸುಮ್ನೆ ಒಂದು ಅಂದಾಜು ಹಾಕೋಣ. ಹತ್ತು ಹೆಣ್ಣುಹುಲಿಗಳಿವೆ, ಒಂದೊಂದೂ ಮೂರು ವರ್ಷಕ್ಕೊಮ್ಮೆ ಮೂರು ಮರಿ ಹಾಕುತ್ತದೆ ಅಂದುಕೊಳ್ಳಿ. ವರ್ಷಕ್ಕೆ ಹತ್ತು ಮರಿ. ಅರ್ಧ ಸತ್ತರೂ ಐದು ಬೆಳೆದು ನಿಲ್ಲುತ್ತವೆ. ಆದರೆ ಒಳಗೆ ಖಾಲಿ ಜಾಗ ಇಲ್ಲ. ಯಾವುದೋ ಹಳೆಯ ಹುಲಿ ಸಾಯಬೇಕು, ಇಲ್ಲ ಹೊಡೆದಾಡಿ ಅದನ್ನು ಓಡಿಸಬೇಕು. ಹಾಗಾಗಿ ಕಾಡಂಚಿಗೆ ಬರುವವು ಹೆಚ್ಚಾಗಿ ಎರಡು ಬಗೆಯ ಹುಲಿಗಳು. ಜಾಗ ಸಿಗದ ಎಳೆ ಪ್ರಾಯದವು ಒಂದು ಕಡೆ. ಜಾಗ ಕಳೆದುಕೊಂಡ, ಕೋರೆಹಲ್ಲು ಮುರಿದ, ಮೈಮೇಲೆ ಗಾಯವಿರುವ ಮುದಿಹುಲಿಗಳು ಇನ್ನೊಂದು ಕಡೆ. ಮರಿಗಳಿರುವ ತಾಯಿಯೂ ಗಂಡುಗಳ ಕಾಟ ತಪ್ಪಿಸಿಕೊಳ್ಳಲು ಕೆಲವೊಮ್ಮೆ ಅಂಚಿಗೆ ಬರುತ್ತದೆ.

2022ರಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳಿದ್ದವು. ಜಗತ್ತಿನಲ್ಲೇ ಹುಲಿ ಇಷ್ಟು ದಟ್ಟವಾಗಿರುವ ಜಾಗಗಳು ಕಡಿಮೆ. ಪಕ್ಕದಲ್ಲೇ ಏನಿದೆ? ಹೆಗ್ಗಡದೇವನಕೋಟೆ, ಸರಗೂರು, ಗುಂಡ್ಲುಪೇಟೆಯ ಹೊಲಗಳು. ಹತ್ತಿ, ಶುಂಠಿ, ಬಾಳೆ, ಅಲ್ಲಲ್ಲಿ ಉಳುಮೆ ಬಿಟ್ಟು ಲಂಟಾನ ಬೆಳೆದ ಬೀಳು ಜಮೀನು. ಹುಲಿಯ ಕಣ್ಣಿಗೆ ಇದೂ ಪೊದೆಯೇ. ಒಳಗೆ ಕೊಬ್ಬಿದ ಹಸು ಬೇರೆ ಕಟ್ಟಿರುತ್ತದೆ, ಅದಕ್ಕೆ ಕಡವೆಯ ಹಾಗೆ ಓಡಿ ಅಭ್ಯಾಸವಿಲ್ಲ.

ಇನ್ನೊಂದು ವಿಷಯ. ಕಾಡಂಚಿನಲ್ಲಿ ಕೋಟಿಗಟ್ಟಲೆ ಖರ್ಚಿನಲ್ಲಿ ತೋಡಿದ ಕಂದಕ, ಹಾಕಿದ ರೈಲ್ವೆ ಬ್ಯಾರಿಕೇಡ್, ಸೋಲಾರ್ ಬೇಲಿ ಎಲ್ಲವೂ ಆನೆಗಾಗಿ. ರೈಲು ಕಂಬಿಗಳ ನಡುವೆ ಹುಲಿ ಆರಾಮಾಗಿ ನುಸುಳುತ್ತದೆ.

ಹಸು ಸತ್ತ ಮೇಲಿನ ಮೂರು ದಿನ

ಹುಲಿ ದೊಡ್ಡ ಪ್ರಾಣಿಯನ್ನು ಕೊಂದರೆ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಹೊಟ್ಟೆ ತುಂಬಿದಷ್ಟು ತಿಂದು, ಪೊದೆಗೆ ಎಳೆದಿಟ್ಟು, ನೀರು ಕುಡಿದು ಮಲಗುತ್ತದೆ. ಕತ್ತಲಾದ ಮೇಲೆ ಮತ್ತೆ ಬರುತ್ತದೆ. ಹೀಗೆ ಮೂರ್ನಾಲ್ಕು ದಿನ. ಮರಿಗಳಿದ್ದರೆ ಅವನ್ನೂ ಕರೆತರುತ್ತದೆ. ಹಸುವಿನ ಮಾಲೀಕನಿಗೂ ಇದು ಗೊತ್ತು. ಅವನಿಗೆ ಕೋವಿ ಬೇಡ, ಹುಲಿಯನ್ನು ಹುಡುಕಿಕೊಂಡು ಹೋಗುವುದೂ ಬೇಡ. ಹೊಲಕ್ಕೆ ತಂದಿಟ್ಟ ಔಷಧಿ ಮನೆಯ ಮೂಲೆಯಲ್ಲೇ ಇರುತ್ತದೆ. ಹೂಗ್ಯಂನಲ್ಲಿ ಒಂದೇ ಕಳೇಬರಕ್ಕೆ ಇಡೀ ಕುಟುಂಬ ಸತ್ತದ್ದು ಹೀಗೆ. ಇಂಥ ಕಳೇಬರಕ್ಕೆ ರಣಹದ್ದು, ನರಿ, ಕಾಡುಹಂದಿಗಳೂ ಬಾಯಿ ಹಾಕುತ್ತವೆ.

ಈಗ ಇದೇ ಮೂರು ದಿನವನ್ನು ಮಾಲೀಕನ ಕಡೆಯಿಂದ ನೋಡಿ. ಪರಿಹಾರ ಬೇಕೆಂದರೆ ಕಳೇಬರವನ್ನು ಇದ್ದಲ್ಲೇ ಬಿಡಬೇಕು. ಅರಣ್ಯ ಸಿಬ್ಬಂದಿ ಬಂದು ನೋಡಬೇಕು, ಮಹಜರು ಆಗಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು, ಫೋಟೊ ಬೇಕು, ಅರ್ಜಿ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಹಣ ಬರುವುದು ಆಮೇಲೆ ಯಾವಾಗಲೋ. ಹಾಲು ನಿಲ್ಲುವುದು ಮಾತ್ರ ಅವತ್ತೇ. ಇನ್ನು ಹಸು ಸತ್ತದ್ದು ಕಾಡಿನ ಗಡಿಯೊಳಗೆ ಅಂತಾದರೆ, ಅಲ್ಲಿ ಮೇಯಿಸಿದ್ದೇ ತಪ್ಪಲ್ವಾ ಅನ್ನೋ ಮಾತು ಬರುತ್ತದೆ. ಹಾಗಾಗಿ ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ. ಬಂಡೀಪುರ ನಾಗರಹೊಳೆಯ ಸುತ್ತ 2015ರಿಂದ ನಡೆಯುತ್ತಿರುವ ವೈಲ್ಡ್ ಸೇವೆ ಎಂಬ ಕಾರ್ಯಕ್ರಮದಲ್ಲಿ, ಒಂದು ಉಚಿತ ನಂಬರಿಗೆ ಫೋನ್ ಮಾಡಿದರೆ ಜನ ಬಂದು ಅರ್ಜಿ ತುಂಬಿಸಲು ನೆರವಾಗುತ್ತಾರೆ. ಅರ್ಜಿ ತುಂಬಿಸಲು ಒಂದು ಸಂಸ್ಥೆಯೇ ಬೇಕಾಯಿತು ಅಂದರೆ ಆ ದಾರಿ ಎಷ್ಟು ಸಲೀಸು ಎಂದು ನೀವೇ ಊಹಿಸಿ.

ವಿಷ ಹಾಕುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಷಕ್ಕೂ ಪರಿಹಾರಕ್ಕೂ ಇರುವುದು ಅದೇ ಮೂರು ದಿನ. ಯಾವುದು ಮೊದಲು ಮುಟ್ಟುತ್ತದೆ ಎಂಬುದರ ಮೇಲೆ ಎಷ್ಟೋ ಹುಲಿಗಳ ಜೀವ ನಿಂತಿದೆ. ಇಲಾಖೆಯ ಕಾಲಾಳುಗಳ ಸ್ಥಿತಿಯನ್ನೂ ಮರೆಯಬಾರದು. ಐದು ಹುಲಿ ಸತ್ತ ಹೊತ್ತಿನಲ್ಲೇ, ಅಲ್ಲಿನ ಹೊರಗುತ್ತಿಗೆ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಆಗಿರಲಿಲ್ಲ ಎಂಬ ವಿಷಯ ಹೊರಗೆ ಬಂತು.

ಗೊಬ್ಬರ, ಕಾಫಿ ಮತ್ತು ಹುಲಿ

'ಜನ ಹಸುಗಳನ್ನು ಕಾಡಿಗೆ ಬಿಡುವುದೇಕೆ' ಎಂದು ಊರಿನವರನ್ನು ಬೈಯುವುದು ಸುಲಭ. ಬಂಡೀಪುರದ ಅಂಚಿನ ಹಂಗಳದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆಯದೇ ಕಥೆ ಹೇಳುತ್ತದೆ. 1990ರ ದಶಕದಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿತು. ಕಾಫಿ ಬೆಳೆಗಾರರಿಗೆ ಸಗಣಿ ಗೊಬ್ಬರ ಬೇಕಾಯಿತು. ಅಲ್ಲಿಯವರೆಗೆ ತಮ್ಮ ಹೊಲಕ್ಕಷ್ಟೇ ಬಳಸುತ್ತಿದ್ದ ಸಗಣಿ ಮಾರಾಟದ ಸರಕಾಯಿತು. ಜನ ಸಗಣಿಗಾಗಿಯೇ ಜಾನುವಾರು ಹೆಚ್ಚಿಸಿದರು. ಅವುಗಳಿಗೆ ಮೇವು ಎಲ್ಲಿಂದ? ಕಾಡಿನಿಂದ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಹಾಳಾದರೆ ಬಂಡೀಪುರದ ಜಿಂಕೆಯ ಹುಲ್ಲು ಕಡಿಮೆಯಾಗುತ್ತದೆ!

ಮಲೆ ಮಹದೇಶ್ವರ ಬೆಟ್ಟದಲ್ಲೂ ಜಾನುವಾರೇ ಬದುಕು. ಕಾಡಿನ ನಡುವೆ ದೊಡ್ಡಿ ಹಾಕಿ ದನ ಇರಿಸಿಕೊಳ್ಳುವುದು ಅಲ್ಲಿ ಹಿಂದಿನಿಂದ ಬಂದದ್ದು. ಐದು ಹುಲಿಗಳ ಸಾವಿನ ನಂತರ ಹೊರರಾಜ್ಯದ ದನಗಳನ್ನು ಬಿಡಬಾರದು ಎಂದು ಸರ್ಕಾರ ಹೇಳಿತು. ಊರಿನವರ ದನಗಳ ಪ್ರಶ್ನೆ ಹಾಗೇ ಉಳಿದಿದೆ.

ಅಂದಹಾಗೆ ಈ ಬೆಟ್ಟ 'ತುಂಬಿದ ಮನೆ' ಅಲ್ಲ. ಇದು ಒಂದು ಕಾಲದ ವೀರಪ್ಪನ್ ಕಾಡು. ಅವನು ಸತ್ತದ್ದು 2004ರಲ್ಲಿ, ವನ್ಯಧಾಮ ಆದದ್ದು 2013ರಲ್ಲಿ. ಒಂದು ಬದಿಗೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಬದಿಗೆ ಕಾವೇರಿ ವನ್ಯಧಾಮ, ಗಡಿಯಾಚೆ ತಮಿಳುನಾಡಿನ ಸತ್ಯಮಂಗಲ. ಸತ್ಯಮಂಗಲದಲ್ಲಿ ಹುಲಿ ದುಪ್ಪಟ್ಟಾಗಿ 80 ಮುಟ್ಟಿದ್ದಕ್ಕೆ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಅಂದರೆ ತುಂಬಿದ ಕಾಡುಗಳಿಂದ ಹೊರಟ ಹುಲಿಗಳು ಹೊಸದಾಗಿ ಮನೆ ಮಾಡಬಹುದಾದ ಜಾಗ ಇದು. ಇಲ್ಲಿ ಸತ್ತ ತಾಯಿಹುಲಿಯ ನಷ್ಟ ಆ ಕಾರಣಕ್ಕೇ ದೊಡ್ಡದು. ಅಕ್ಟೋಬರ್‌ನಲ್ಲಿ ಇದೇ ಬೆಟ್ಟದಲ್ಲಿ ಇನ್ನೊಂದು ಹುಲಿಯ ಶವ ತುಂಡು ಮಾಡಿದ ಸ್ಥಿತಿಯಲ್ಲಿ ಸಿಕ್ಕಿತು.

ಯಾರ ಮಾತು ಏನು

ರೈತ ಸಂಘಟನೆಗಳ ವಾದ ನೇರ: ರೆಸಾರ್ಟ್ ಮತ್ತು ಸಫಾರಿ ಗದ್ದಲಕ್ಕೆ ಹುಲಿ ಹೊರಗೆ ಬರುತ್ತಿದೆ. ಸಫಾರಿ ನಿಲ್ಲಿಸಿದ್ದರ ಹಿಂದೆ ಈ ಒತ್ತಡವೂ ಇತ್ತು. ಸಫಾರಿಯಲ್ಲಿದ್ದ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕಲು ಅನುಕೂಲವೂ ಆಯಿತು. ಆದರೆ ಸಫಾರಿ ನಡೆಯುವುದು ಕಾಡಿನ ಸಣ್ಣ ಭಾಗದಲ್ಲಿ. ನಿಯಮದ ಪ್ರಕಾರವೇ ಹುಲಿ ಮೀಸಲಿನ ಒಳಭಾಗದ ಶೇ 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸೋದ್ಯಮ ಇರುವಂತಿಲ್ಲ. ಜೀಪಿನ ಸದ್ದಿಗೆ ಬೆದರಿ ಹುಲಿ ಊರಿಗೆ ಬರುತ್ತದೆ ಎಂಬುದಕ್ಕಿಂತ, ಒಳಗೆ ಜಾಗವಿಲ್ಲದೆ ಬರುತ್ತದೆ ಎಂಬುದೇ ಹೆಚ್ಚು ನಂಬುವಂಥದ್ದು. ಆದರೂ ರೈತರ ಸಿಟ್ಟಿನಲ್ಲಿ ಒಂದು ನ್ಯಾಯವಿದೆ. ಹುಲಿ ತೋರಿಸಿ ಬರುವ ದುಡ್ಡು ಒಬ್ಬರಿಗೆ, ಹುಲಿ ತಿಂದ ಹಸು ಇನ್ನೊಬ್ಬರದು.

ವಿಜ್ಞಾನಿಗಳಲ್ಲೂ ಒಮ್ಮತವಿಲ್ಲ. ಭಾರತದ ಕಾಡುಗಳಿಗೆ 10,000 ಹುಲಿಗಳನ್ನು ಸಾಕುವ ಶಕ್ತಿಯಿದೆ, ನಾವಿನ್ನೂ ಬಹಳ ಹಿಂದಿದ್ದೇವೆ ಎನ್ನುತ್ತಾರೆ ಉಲ್ಲಾಸ ಕಾರಂತ. ಹಾಗೆಯೇ, ಜನರ ಮೇಲೆ ಬೀಳುವ ಹುಲಿಯನ್ನು ಹಿಡಿದು ಬೇರೆ ಕಾಡಿಗೆ ಬಿಡುವುದಲ್ಲ, ತಡಮಾಡದೆ ಕೊಲ್ಲಬೇಕು, ಒಂದು ಹುಲಿಯ ಮೇಲಿನ ಕನಿಕರಕ್ಕೆ ಇಡೀ ಸಂತತಿಯ ಮೇಲೆ ಜನರ ದ್ವೇಷ ಕಟ್ಟಿಕೊಳ್ಳಬಾರದು ಎಂಬುದೂ ಅವರದೇ ವಾದ. ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಈ ತೀರ್ಮಾನ ಮುಖ್ಯ ವನ್ಯಜೀವಿ ಪರಿಪಾಲಕರದು. ಆದರೆ ಕೊಲ್ಲುವ ಆದೇಶಕ್ಕೆ ಸಹಿ ಹಾಕಿದರೆ ನಗರಗಳಲ್ಲಿ ಗಲಾಟೆ, ಹಾಕದಿದ್ದರೆ ಹಳ್ಳಿಗಳಲ್ಲಿ ಗಲಾಟೆ. ಹಾಗಾಗಿ ಸಾಕಾನೆ, ಡ್ರೋನ್, ಅರಿವಳಿಕೆ ಮದ್ದು ಹಿಡಿದು ದಿನಗಟ್ಟಲೆ ಕೂಂಬಿಂಗ್ ನಡೆಯುತ್ತದೆ. ಸಿಕ್ಕ ಹುಲಿ ಮೈಸೂರಿನ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರಕ್ಕೋ ಬನ್ನೇರುಘಟ್ಟಕ್ಕೋ ಹೋಗಿ ಉಳಿದ ಆಯುಷ್ಯವನ್ನು ಬೋನಿನಲ್ಲಿ ಕಳೆಯುತ್ತದೆ.

2025ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಯಾದವೇಂದ್ರದೇವ್ ಝಾಲಾ ಮತ್ತು ಸಂಗಡಿಗರ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಎರಡು ದಶಕಗಳಲ್ಲಿ ಭಾರತದಲ್ಲಿ ಹುಲಿ ಓಡಾಡುವ ಪ್ರದೇಶ ಶೇ 30ರಷ್ಟು ಹಿಗ್ಗಿ ಸುಮಾರು 1,38,200 ಚದರ ಕಿಲೋಮೀಟರ್ ಆಗಿದೆ. ಅದರಲ್ಲಿ ಜನರಿಲ್ಲದ, ಬೇಟೆ ತುಂಬಿದ ಕಾಡು ಸುಮಾರು 35,000 ಚದರ ಕಿಲೋಮೀಟರ್ ಮಾತ್ರ. ಹುಲಿ ಹೊಸದಾಗಿ ಹರಡಿದ ಕಡೆಗಳಲ್ಲಿ ಸುಮಾರು ಆರು ಕೋಟಿ ಜನ ಇದ್ದಾರೆ. ಕಡು ಬಡತನ ಮತ್ತು ಸಶಸ್ತ್ರ ಸಂಘರ್ಷ ಇದ್ದ ಕಡೆ ಹುಲಿ ಅಳಿದಿದೆ. ಜನರ ಸ್ಥಿತಿ ಸ್ವಲ್ಪ ಉತ್ತಮವಾಗಿದ್ದು, ಹುಲಿಯಿಂದ ಅವರಿಗೂ ಏನಾದರೂ ಸಿಗುತ್ತಿರುವ ಕಡೆ ಉಳಿದಿದೆ.

ಹೆಚ್ಚಾದರೆ ಬೇರೆ ಕಡೆ ಬಿಡಬಾರದೇ?

ಕೇಳಲು ಸರಳ. ಹುಲಿಯೇ ಇಲ್ಲದಂತಾಗಿದ್ದ ಮಧ್ಯಪ್ರದೇಶದ ಪನ್ನಾಕ್ಕೆ 2009ರಿಂದ ಹುಲಿ ತಂದು ಬಿಟ್ಟರು, ಇವತ್ತು ಅಲ್ಲಿ 50ಕ್ಕೂ ಹೆಚ್ಚಿವೆ. ಆದರೆ 2018ರಲ್ಲಿ ಮಧ್ಯಪ್ರದೇಶದಿಂದ ಒಡಿಶಾದ ಸತ್ಕೋಸಿಯಾಕ್ಕೆ ತಂದ ಜೋಡಿಯಲ್ಲಿ ಗಂಡು ಕೆಲವೇ ತಿಂಗಳಲ್ಲಿ ಸತ್ತಿತು. ಹೆಣ್ಣು ಜನರ ಮೇಲೆ ಬಿದ್ದು ಬೋನು ಸೇರಿತು, 2021ರಲ್ಲಿ ವಾಪಸ್ ಹೋಯಿತು. ಅಲ್ಲಿನ ಜನರನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ನಮ್ಮಲ್ಲಿ ಉತ್ತರ ಕನ್ನಡದ ಕಾಳಿ ಹುಲಿ ಮೀಸಲು ದೊಡ್ಡ ಕಾಡು, ಹುಲಿ ಕಡಿಮೆ. ಆದರೆ ಬಂಡೀಪುರದಷ್ಟು ಜಿಂಕೆ, ಕಡವೆ ಅಲ್ಲಿಲ್ಲ. ಊಟವಿಲ್ಲದ ಮನೆಗೆ ನೆಂಟರನ್ನು ಕಳಿಸಿದರೆ ಅವರು ಪಕ್ಕದ ಮನೆಗೆ ಹೋಗುತ್ತಾರೆ, ಅಷ್ಟೇ.

ನೇಪಾಳಕ್ಕೂ ಇದೇ ತಲೆನೋವು. ಅಲ್ಲಿ 2009ರ ಸುಮಾರಿಗೆ 121 ಇದ್ದ ಹುಲಿ 2022ಕ್ಕೆ 355 ಆಯಿತು. ಜಗತ್ತು ಚಪ್ಪಾಳೆ ತಟ್ಟಿತು. ಎರಡು ವರ್ಷದಲ್ಲಿ ಪ್ರಧಾನಿಯಾಗಿದ್ದ ಕೆ.ಪಿ. ಶರ್ಮಾ ಓಲಿ, ನಮ್ಮಂಥ ಸಣ್ಣ ದೇಶಕ್ಕೆ 150 ಸಾಕು, ಉಳಿದದ್ದನ್ನು ಬೇರೆ ದೇಶಗಳಿಗೆ ಉಡುಗೊರೆ ಕೊಡೋಣ ಎಂದುಬಿಟ್ಟರು.

2026ರ ಗಣತಿ ಏನು ಹೇಳಬಹುದು

ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಹುಲಿ ಗಣತಿಯ ಮುಂದಿನ ಸುತ್ತು 2026ರದು. ಕರ್ನಾಟಕದ ಸಂಖ್ಯೆ ಏರಿದರೆ ಸಂಭ್ರಮ, ಹತ್ತು ಕಡಿಮೆಯಾದರೆ ಆತಂಕ. ಎರಡಕ್ಕೂ ಅವಸರ ಬೇಡ. ಬಂಡೀಪುರ, ನಾಗರಹೊಳೆಯಲ್ಲಿ ಸಂಖ್ಯೆ ಇದ್ದಲ್ಲೇ ನಿಂತರೆ ಅದು ಸೋಲಲ್ಲ, ಮನೆ ತುಂಬಿದೆ ಎಂದಷ್ಟೇ ಅರ್ಥ. ಕಣ್ಣಿಡಬೇಕಾದದ್ದು ಕಾಳಿ, ಕಾವೇರಿ ಮತ್ತು ಮಲೆ ಮಹದೇಶ್ವರದ ಮೇಲೆ. ಅಲ್ಲಿ ಏರದಿದ್ದರೆ, ಬಂಡೀಪುರದಿಂದ ಹೊರಟ ಹುಲಿಗಳು ದಾರಿಯಲ್ಲೇ ಎಲ್ಲೋ ಮುಗಿದುಹೋಗುತ್ತಿವೆ ಎಂದು ಅನುಮಾನಿಸಬೇಕಾಗುತ್ತದೆ.

ಮಲೆ ಮಹದೇಶ್ವರವನ್ನು ಹುಲಿ ಮೀಸಲು ಮಾಡುವ ಪ್ರಸ್ತಾವ ವರ್ಷಗಳಿಂದ ಹಾಗೇ ನಿಂತಿದೆ. ಸ್ಥಳೀಯರಿಗೆ ಮೇವು, ಓಡಾಟ ಎಲ್ಲ ನಿಂತುಹೋಗುವ ಭಯ. ಐದು ಹುಲಿಗಳ ಸಾವಿನಿಂದ ಎರಡೂ ಕಡೆಯವರ ಪಟ್ಟು ಬಿಗಿಯಾಗಿದೆ. ಈಗಲೇ ಮೀಸಲು ಮಾಡಿ ಎನ್ನುವವರಿಗೆ ಕಾರಣ ಸಿಕ್ಕಿದೆ, ಮಾಡಿದರೆ ನಮ್ಮ ಗತಿ ಏನು ಎನ್ನುವವರಿಗೂ ಸಿಕ್ಕಿದೆ. ದೇಶದ ಹುಲಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹುಲಿ ಮೀಸಲಿನ ಹೊರಗೇ ಇವೆ. ಅವಕ್ಕಾಗಿ ಕೇಂದ್ರ ಸರ್ಕಾರ 2025ರಲ್ಲಿ ಬೇರೆ ಯೋಜನೆಯನ್ನೇ ತಂದಿದೆ. ಅದರ ದುಡ್ಡು ಡ್ರೋನ್‌ಗೆ ಹೋಗುತ್ತದೋ, ಗಟ್ಟಿ ಕೊಟ್ಟಿಗೆ ಮತ್ತು ಬೇಗ ಸಿಗುವ ಪರಿಹಾರಕ್ಕೆ ಹೋಗುತ್ತದೋ ನೋಡಬೇಕು.

ಕ್ಯಾಮೆರಾಗಳು ಕಾಡಿನ ಮರಗಳಿಗೆ ಕಟ್ಟಿರುತ್ತವೆ. ಹನೂರಿನಲ್ಲೋ ಸರಗೂರಿನಲ್ಲೋ ಹಸು ಕಳೆದುಕೊಂಡವರ ಅರ್ಜಿಗೆ ಎಷ್ಟು ದಿನಕ್ಕೆ ದುಡ್ಡು ಬಂತು ಎಂಬ ಲೆಕ್ಕ ಬೇಕಿದ್ದರೆ ವಲಯ ಅರಣ್ಯ ಕಚೇರಿಯ ಕಡತ ತೆಗೆಸಬೇಕು.